ಟ್ಯಾಂಕಿನ ಕಡೆಯ ಬುಟ್ಟಿ

“ಏಣಿ, ದೇವರು ನಿನ್ನ ಬುದ್ಧೀನ ತಲೆಗೆ ಹತ್ತಿಸೋಕೇ ಹೊರಟಿದ್ದ ಕಣಯ್ಯ. ಅರ್ಧ ದಾರೀಲಿ ಸುಸ್ತಾಗಿ ಮೊಣಕಾಲಲ್ಲೇ ಇಳಿಸಿಬಿಟ್ಟ.”

ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರು ಹೀಗೆಂದಾಗ ಕ್ಯಾಂಟೀನಿನಲ್ಲಿ ಅರವತ್ತು ಜನರಿದ್ದರು. ಅರವತ್ತೂ ಜನ ನಕ್ಕರು. ಮ್ಯಾನೇಜರು ಆಡಿದರೆ ಜೋಕು. ಅದನ್ನೇ ಕೆಲಸಗಾರ ಆಡಿದರೆ ನೋಟಿಸು. ಏಣಿ ಮಾಡಿದ ತಪ್ಪೆಂದರೆ ಬೆಂಚಿನಿಂದ ಎದ್ದದ್ದು. ಎದ್ದಾಗ ತಲೆ ತಗುಲಿ ಹೊಸ ಬಲ್ಬು ಕಳಚಿ, ನೇರ ಮ್ಯಾನೇಜರ ಚಹಕ್ಕೆ ಇಳಿದಿತ್ತು.

ಎತ್ತರಕ್ಕೇ ಆ ಅಡ್ಡಹೆಸರು ಪಡೆದ ಏಣಿಯೆಂದರೆ ಸಾಮಾನ್ಯನಲ್ಲ. ಎಂಟು ವರ್ಷದಿಂದ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಅವನೇ ಜೀವ. ಮೈದಾನವೂ ಕಾರ್ಖಾನೆಯದೇ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಎರಡನೇ ಅರ್ಧದಲ್ಲಿ ಯಾವಾಗಲೂ ನೀರಿನ ಟ್ಯಾಂಕಿನ ಕಡೆಯ ಬುಟ್ಟಿಗೇ ಚೆಂಡು ಹಾಕುವುದು ಆ ತಂಡದ ಪದ್ಧತಿ. ಅದನ್ನು ಮಾಡಿದ್ದೂ ಮ್ಯಾನೇಜರೇ.

ಆ ಸಂಜೆ ಎದುರಿನ ಪೇಂಟು ಕಾರ್ಖಾನೆಯ ಮೇಲೆ ಫೈನಲ್ಲು. ಆಟಗಾರರ ಪಟ್ಟಿ ಕೊಡಲು ಮೂರು ಗಂಟೆಯವರೆಗೆ ಸಮಯವಿತ್ತು.

ಏಣಿ ರಸ್ತೆ ದಾಟಿದ.

ಮೂರು ವರ್ಷದಿಂದ ಕರೆಯುತ್ತಿದ್ದ ಪೇಂಟಿನ ಕೋಚು, ಹೊಸ ಅಳಿಯನನ್ನು ಕಂಡ ಅತ್ತೆಯಂತೆ ಓಡಿಬಂದ. ಏಣಿಯ ಹೆಂಡತಿ ಮಾತ್ರ ಫೋನಿನಲ್ಲಿ ಕೇಳಿದಳು:

“ಅಲ್ಲಿ ಏನು ಕೆಲಸಾಂತೆ?”

“ಡಬ್ಬ ಮುಚ್ಚೋದು.”

“ಬಿಸ್ಕತ್ತಾದ್ರೆ ಮಕ್ಕಳು ತಿಂತಿದ್ವು. ಇನ್ಮೇಲೆ ಗೋಡೆ ನೆಕ್ಕಬೇಕಾ?”

“ಆ ಮನುಷ್ಯ ಇವತ್ತು ಸೋಲಬೇಕು. ಅದೇ ಅರವತ್ತು ಜನದ ಮುಂದೆ ಮಾತು ವಾಪಸ್ ತಗೋಬೇಕು. ಅಷ್ಟೇ ನಂಗೆ.”

ಸಂಜೆ ಏಣಿ ಆಡಿದ್ದೇ ಆಡಿದ್ದು. ಹಳೇ ಗೆಳೆಯರ ಕೈ ಮೇಲಿಂದ, ತಲೆ ಮೇಲಿಂದ ಚೆಂಡು ಹಾಕಿದ. ಚಹದಲ್ಲಿ ಹೆಚ್ಚು ಹೊತ್ತು ಅದ್ದಿದ ಬಿಸ್ಕತ್ತಿನಂತೆ ಮ್ಯಾನೇಜರ ಮುಖ ಕುಸಿಯುತ್ತಾ ಬಂತು.

ಕೊನೆಯ ಹತ್ತು ಸೆಕೆಂಡು. ಪೇಂಟಿನವರು ಒಂದೇ ಅಂಕ ಮುಂದೆ. ಚೆಂಡು ಏಣಿಯ ಕೈಲಿ. ಅಪ್ಪಿಕೊಂಡು ನಿಂತಿದ್ದರೂ ಗೆಲುವಿನ ಕಪ್ಪು ಅವರದ್ದೇ. ಏಣಿ ಓಡಿದ. ಎರಡೂ ಕಡೆಯ ಜನ ಎದ್ದು ನಿಂತು “ಏಣಿ, ಏಣಿ” ಎಂದು ಕೂಗತೊಡಗಿದರು. ಅವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಹಳೇ ಗೆಳೆಯರು ಅಡ್ಡ ಬರಲಿಲ್ಲ. ಒಬ್ಬನಂತೂ ಪಕ್ಕಕ್ಕೆ ಸರಿದು “ಬಾ ಅಣ್ಣ, ಬಾ” ಅಂದ. ಪೇಂಟಿನ ಕೋಚು ಗೆರೆಯಾಚೆ ಎರಡೂ ಕೈ ಬೀಸುತ್ತ ಜೊತೆಗೇ ಓಡುತ್ತಿದ್ದ. ಪಾಪ, ಖುಷಿ ತಡೆಯಲಾಗುತ್ತಿಲ್ಲ ಎಂದುಕೊಂಡ ಏಣಿ, ಹಾರಿದ.

ಚೆಂಡು ಬುಟ್ಟಿಯೊಳಗೆ ಬೆಣ್ಣೆಯಂತೆ ಜಾರಿತು. ಕೆಳಗಿಳಿದು ತಲೆಯೆತ್ತಿದರೆ, ಎದುರಿಗೆ ನೀರಿನ ಟ್ಯಾಂಕು.

ಎರಡು ಅಂಕ ಬಿಸ್ಕತ್ತಿಗೆ. ಕಪ್ಪೂ ಬಿಸ್ಕತ್ತಿಗೆ.

ಅರವತ್ತು ಜನರನ್ನು ಹಿಂದಿಟ್ಟುಕೊಂಡು ಮ್ಯಾನೇಜರು ಬಂದರು. ಕೈ ಕುಲುಕಿದರು.

“ಬೆಳಿಗ್ಗೆ ಆಡಿದ ಮಾತು ವಾಪಸ್ ತಗೊಳ್ಳೋಣ ಅಂತಿದ್ದೆ ಕಣಯ್ಯ. ಆದ್ರೆ ನೋಡು, ಮೊಣಕಾಲಿಗೆ ದಾರಿ ಎಷ್ಟು ಚೆನ್ನಾಗಿ ನೆನಪಿದೆ.”

ಏಣಿ ಚೆಂಡನ್ನು ಅವರ ಕೈಗಿತ್ತು, ಗೇಟಿನತ್ತ ನಡೆದ. ಹೊರಡುವ ಮುಂಚೆ ಮಾತ್ರ, ಗೇಟು ಯಾವ ಕಡೆಗಿದೆ ಎಂದು ಎರಡು ಸಲ ನೋಡಿಕೊಂಡ.