ಸ್ಪೀಕರ್ ಎಷ್ಟು ದೊಡ್ಡದುಂಟು?

ಹಾಡಲು ಕರೆಯುವವರು ಕೇಳಬೇಕಾದ ಪ್ರಶ್ನೆಗಳು ಎಷ್ಟೋ ಇವೆ. ಯಾರು ಹಾಡುತ್ತೀರಿ, ಯಾವ ಹಾಡು, ಎಷ್ಟು ಹೊತ್ತು ಎಂದು ಕೇಳಬಹುದು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದರೆ ಹೇಳಿ! ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸ್ಪೀಕರ್ ಎಷ್ಟು ದೊಡ್ಡದುಂಟು?" ಈ ಪ್ರಶ್ನೆ ಕಿವಿಗೆ ಬಿತ್ತೆಂದರೆ ಇವತ್ತು ಏನೋ ಒಂದು ಎಡವಟ್ಟು ಆಗಲಿಕ್ಕುಂಟು ಎಂದು ನನಗೆ ಗೊತ್ತಾಗುತ್ತದೆ. ಆಗಿಯೇ ಆಗುತ್ತದೆ.

ನಾನು ಬಂಟ್ವಾಳದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ರಜೆಯ ದಿನ ನಮ್ಮ ಪುಟ್ಟ ಬ್ಯಾಂಡಿನಲ್ಲಿ ಹಾಡುತ್ತೇನೆ. ಕೀಬೋರ್ಡ್ ನುಡಿಸುವ ಮಾಸ್ಟ್ರು, ತಬಲದವರು, ನಾನು, ಮೂರೇ ಜನ. ನನಗೆ ಹೆಸರು ಬೇಡ, ಹಾರ ಬೇಡ. ನಾನು ಹಾಡಿದ ಪದಗಳು ಎದುರು ಕೂತವರಿಗೆ ಕೇಳಬೇಕು, ಅಷ್ಟೇ ಆಸೆ. ಅದೇ ಆಗುವುದಿಲ್ಲ. ಒಮ್ಮೆ ಒಂದು ಮನೆಯಲ್ಲಿ "ಈ ಸ್ಪೀಕರಿನಲ್ಲಿ ಹಾಡು ಸ್ಪಷ್ಟ ಇಲ್ಲ" ಎಂದು ಬಾಯಿ ತಪ್ಪಿ ಹೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ನಕ್ಕು, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದರು. ನಾನು ಕುಣಿಯಲು ಹೋದದ್ದೇ ಅಲ್ಲ.

ತೆಂಗಿನ ಮರದ ಮೇಲೆ

ಮೊದಲೆಲ್ಲ ನಮ್ಮದೆಂಬ ಸ್ಪೀಕರ್ ಇರಲಿಲ್ಲ. ನಮ್ಮಲ್ಲಿ ಇಲ್ಲ ಎಂದರೆ ಕರೆದವರೇ ಊರಿನ ಮೈಕ್ ಸೆಟ್ಟಿನವರಿಗೆ ಹೇಳುತ್ತಿದ್ದರು. ಕೊಕ್ಕಡದ ಕಡೆ ಹೊಸ ಮನೆ ಕಟ್ಟಿದವರ ಮನೆಯೊಕ್ಕಲಿಗೆ ಹೋದಾಗ ಚಪ್ಪರದ ಒಳಗೆ ಎಷ್ಟು ಹುಡುಕಿದರೂ ಸ್ಪೀಕರ್ ಕಾಣಲಿಲ್ಲ. ತಲೆ ಎತ್ತಿ ನೋಡಿದರೆ ಅಂಗಳದಾಚೆಯ ತೆಂಗಿನ ಮರದಲ್ಲಿ ದೊಡ್ಡ ಎರಡು ಹಾರ್ನ್! ಒಂದು ಪೂರ್ವಕ್ಕೆ ಬಾಯಿ ತೆರೆದಿತ್ತು, ಇನ್ನೊಂದು ಪಶ್ಚಿಮಕ್ಕೆ. ಭೂತಕೋಲ, ಯಕ್ಷಗಾನ ಎಲ್ಲದಕ್ಕೂ ಹಾಗೆಯೇ ಕಟ್ಟಿ ಅಭ್ಯಾಸವಾದ ಕೈ ಅದು.

"ಅಣ್ಣ, ಚಪ್ಪರದ ಒಳಗೆ ಒಂದಾದರೂ ಬೇಡ್ವಾ?" ಎಂದು ಕೇಳಿದೆ.

ಮೈಕ್ ಸೆಟ್ಟಿನವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಒಳಗಿನವರು ಹೇಗೂ ಬಂದಾಯ್ತಲ್ಲ ಟೀಚರ್ರೆ. ಬಾರದವರಿಗೆ ಗೊತ್ತಾಗುದು ಬೇಡ್ವಾ?"

ಹಾಡಲು ಶುರುಮಾಡಿದೆ. ನಾಲ್ಕನೇ ಹಾಡಿಗೆ ಮನೆಯ ಯಜಮಾನರು ಫೋನ್ ಹಿಡಿದುಕೊಂಡು ಬಂದರು. ಹೊಳೆಯ ಆಚೆ ಬದಿಯ ಅವರ ದಾಯಾದಿಗೆ ನಮ್ಮ ಹಾಡು ಬಹಳ ಇಷ್ಟವಾಗಿತ್ತಂತೆ, ಅದನ್ನೇ ಇನ್ನೊಮ್ಮೆ ಹಾಡಬೇಕಂತೆ. ಇಬ್ಬರಿಗೂ ಜಾಗದ ತಕರಾರಾಗಿ ಮಾತುಕತೆ ಇರಲಿಲ್ಲ, ಈ ಫೋನಿನಿಂದಲೇ ರಾಜಿಯಾಯಿತು. ನನಗೆ ಒಂದು ಕ್ಷಣ ಹೆಮ್ಮೆ ಎನಿಸಿದ್ದು ಸುಳ್ಳಲ್ಲ.

ಹನ್ನೊಂದು ಹಾಡು ಮುಗಿದು ಗಂಟಲು ಒಣಗಿದಾಗ ಯಜಮಾನರ ಹೆಂಡತಿ ಪುನರ್ಪುಳಿ ಶರಬತ್ತು ತಂದುಕೊಟ್ಟರು. ಪ್ರೀತಿಯಿಂದಲೇ ಕೇಳಿದರು, "ಪ್ರಾಕ್ಟೀಸ್ ಆಯ್ತಾ ಟೀಚರ್ರೆ? ಇನ್ನು ಶುರು ಮಾಡುವ ಅಲ್ವಾ?"

ಫೋಟೋದಲ್ಲಿ ಬರ್ತದೆ

ಇನ್ನು ಮರದ ಸಹವಾಸವೇ ಬೇಡ ಎಂದು ಮಾಸ್ಟ್ರು ಉಜಿರೆಯಿಂದ ಎರಡು ಒಳ್ಳೆಯ ಪೆಟ್ಟಿಗೆ ಸ್ಪೀಕರ್ ಬಾಡಿಗೆಗೆ ತಂದರು. ಮಾಣಿಯ ಹತ್ತಿರದ ಒಂದು ಹಾಲ್‌ನಲ್ಲಿ ನಿಶ್ಚಿತಾರ್ಥ. ನಾವು ಬೇಗ ಹೋಗಿ, ಸ್ಟ್ಯಾಂಡ್ ನಿಲ್ಲಿಸಿ, ಮೂಲೆ ಮೂಲೆಗೆ ನಡೆದು ಕೇಳಿ, ಎಲ್ಲ ಸರಿಮಾಡಿ ಕಾಫಿ ಕುಡಿಯಲು ಹೋದೆವು. ತಪ್ಪಾದದ್ದೇ ಅಲ್ಲಿ.

ವಾಪಸು ಬಂದಾಗ ಎರಡೂ ಸ್ಪೀಕರ್ ಮಾಯ! ಡೆಕೋರೇಶನಿನವರು ಏಣಿಯ ಮೇಲಿದ್ದರು. ಅವರನ್ನೇ ಕೇಳಿದೆ.

"ಹಿಂದೆ ಉಂಟು. ಕಪ್ಪು ಡಬ್ಬ ಅಲ್ವಾ, ಫೋಟೋದಲ್ಲಿ ಬರ್ತದೆ."

ಹಿಂದೆ ಎಂದರೆ ವೇದಿಕೆಯ ಪರದೆಯ ಹಿಂದೆ. ಪರದೆ ಎಂದರೆ ಮೂರು ಪದರದ ವೆಲ್ವೆಟ್. ಅದರ ಮೇಲೆ ಹಸಿರು ಎಲೆ, ಎಲೆಯ ಮೇಲೆ ಹೂವು.

"ಸ್ಪೀಕರ್ ಎದುರು ಇರಬೇಕು, ಇಲ್ಲದಿದ್ದರೆ ಹಾಡು ಯಾರಿಗೆ ಕೇಳುವುದು?"

"ಹಾಡು ಒಂದು ದಿನ ಮೇಡಂ. ಆಲ್ಬಮ್ ಜೀವಮಾನ ಇಡೀ ಇರ್ತದೆ," ಎಂದು ಅವರು ಇನ್ನೊಂದು ಮೊಳೆ ಹೊಡೆದರು. ಫೋಟೋಗ್ರಾಫರ್ ಹೌದು ಹೌದೆಂದು ತಲೆಯಾಡಿಸಿದರು. ಹುಡುಗಿಯ ತಾಯಿಯನ್ನು ಕರೆತಂದರೆ ಅವರೂ ಪರದೆಯ ಪಕ್ಷವೇ. ಪರದೆಯ ಹಿಂದಿನ ಸ್ಪೀಕರ್ ಸ್ಟ್ಯಾಂಡಿಗೆ ತಮ್ಮ ವ್ಯಾನಿಟಿ ಬ್ಯಾಗನ್ನು ಆಗಲೇ ನೇತುಹಾಕಿದ್ದರು.

ಅವತ್ತು ನಾನು ಹಾಡಿದ್ದು ಕಂಬಳಿ ಹೊದ್ದು ಮಲಗಿದವಳು ಗೊಣಗಿದ ಹಾಗೆ ಕೇಳಿತು. ಎದುರಿನ ಸಾಲಿನವರು ಆರಾಮವಾಗಿ ರಬ್ಬರಿನ ರೇಟು ಮಾತಾಡುತ್ತಿದ್ದರು. ಅವರು ಹೇಳಿದ್ದೆಲ್ಲ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ತಿಂಗಳ ನಂತರ ಆಲ್ಬಮ್ ನೋಡಿದೆ. ಒಂದು ಫೋಟೋದಲ್ಲಿ ನಾನು ಕಣ್ಣು ಮುಚ್ಚಿ ಬಾಯಿ ತೆರೆದು ನಿಂತಿದ್ದೇನೆ. ನಾನು ಅವತ್ತು ಹಾಡಿದ್ದಕ್ಕೆ ಇರುವ ಸಾಕ್ಷಿ ಅದೊಂದೇ.

ಹಲಸಿನ ಹಣ್ಣಿನ ಪರೀಕ್ಷೆ

"ನಮ್ಮದೇ ಸ್ಪೀಕರ್ ಆಗದೆ ನಾನಿನ್ನು ಹಾಡುವುದಿಲ್ಲ," ಎಂದು ಹಟ ಹಿಡಿದೆ. ಮೂವರೂ ಹಣ ಒಟ್ಟು ಹಾಕಿ ಖರೀದಿಗೆ ಹೊರಟೆವು. ಹೊರಡುವಾಗ ತಬಲದವರು ತಮ್ಮ ಭಾವನನ್ನೂ ಕರೆತಂದರು. ಭಾವ ಗಲ್ಫಿನಲ್ಲಿ ಹೋಟೆಲು ನಡೆಸಿದವರು. ಗಲ್ಫಿನಲ್ಲಿದ್ದವರಿಗೆ ಸ್ಪೀಕರ್ ಗೊತ್ತಿರುತ್ತದೆ ಎಂದು ನಮ್ಮೂರಲ್ಲಿ ಒಂದು ನಂಬಿಕೆ.

ಅಂಗಡಿಯಲ್ಲಿ ಭಾವ ಮೊದಲನೇ ಪೆಟ್ಟಿಗೆಯನ್ನು ಎತ್ತಿ ನೋಡಿದರು. ಮತ್ತೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿ ಕೊಟ್ಟರು. "ಇದು ಆಗುದಿಲ್ಲ. ಎಳತ್ತು."

"ಭಾವ, ಇದು ಹಲಸಿನ ಹಣ್ಣಲ್ಲ," ಎಂದರು ಮಾಸ್ಟ್ರು.

"ಎರಡಕ್ಕೂ ಲೆಕ್ಕ ಒಂದೇ ಮಾರ್ರೆ. ಭಾರ ಇದ್ದರೆ ಒಳಗೆ ಸರಕು ಉಂಟು."

ಅಂಗಡಿಯವರು ಪ್ರತಿಯೊಂದರಲ್ಲೂ ಧಡ್ ಧಡ್ ಎನ್ನುವ ಅದೇ ಸಂಗೀತ ಹಾಕಿ ತೋರಿಸಿದರು. ಕಪಾಟಿನ ಗಾಜು ನಡುಗಿತು. ಭಾವನಿಗೆ ಮಹಾ ಖುಷಿ. ನಾನು ಮೆಲ್ಲಗೆ ಕೇಳಿದೆ, "ಒಂದು ಮೈಕ್ ಹಾಕಿ ಕೊಡ್ತೀರಾ? ಮನುಷ್ಯರ ದನಿ ಹೇಗೆ ಬರ್ತದೆ ನೋಡಬೇಕಿತ್ತು."

ಅಂಗಡಿಯವರು ತಬ್ಬಿಬ್ಬಾದರು. "ಹಾಗೆ ಯಾರೂ ಕೇಳುದಿಲ್ಲ ಮೇಡಂ," ಎಂದು ಎರಡು ಡ್ರಾಯರ್ ಹುಡುಕಿ ಮೈಕ್ ತಂದರು.

ಮೂಲೆಯಲ್ಲಿ ಸಪೂರದ, ಎತ್ತರದ ಒಂದು ಜೋಡಿ ಇತ್ತು. ಅದರಲ್ಲಿ ಎರಡು ಸಾಲು ಹಾಡಿದೆ. ಅಬ್ಬಾ! ಒಂದೊಂದು ಅಕ್ಷರವೂ ನೀರಿನಲ್ಲಿ ತೊಳೆದ ಹಾಗೆ ಬಂತು. ಸಣ್ಣ ಹಾಲ್‌ಗೆ, ಮೂರು ಜನರ ಬ್ಯಾಂಡಿಗೆ ಇನ್ನೇನು ಬೇಕು? ಮಾಸ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅದನ್ನೇ ತೆಗೆದುಕೊಂಡೆವು. ವಾಪಸು ಬಂದು ಇಳಿಯುವಾಗ ಭಾವ ಹೇಳಿದರು, "ಮನೆಯಲ್ಲಿ ಕೇಳಿದ್ರೆ ನಾನು ಜೊತೆಗೆ ಬಂದದ್ದು ಹೇಳ್ಬೇಡಿ."

ಮೂಡುಬಿದಿರೆಯ ಮದುವೆ

ಹೊಸ ಸ್ಪೀಕರಿನ ಮೊದಲ ಕಾರ್ಯಕ್ರಮ ಮೂಡುಬಿದಿರೆಯಲ್ಲಿ, ಮಧ್ಯಾಹ್ನದ ಮದುವೆ. ಇಲ್ಲಿಯೂ ಹಾಡು ಕೇಳದಿದ್ದರೆ ಬ್ಯಾಂಡ್ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದು ಮಾಸ್ಟ್ರಿಗೆ ಮೊದಲೇ ಹೇಳಿದ್ದೆ. ತಮಾಷೆಗೆ ಹೇಳಿದ್ದಲ್ಲ.

ಹುಡುಗಿಯ ಸೋದರಮಾವ ಒಳಗೆ ಬಂದು ನಮ್ಮ ಸಪೂರದ ಜೋಡಿಯನ್ನು ನೋಡಿದರು. "ಸ್ಪೀಕರ್ ಬರ್ಲಿಕ್ಕುಂಟಾ?"

"ಇದೇ ಸ್ಪೀಕರ್."

"ಇದಾ?" ಅವರ ಮುಖ ಬಾಡಿತು. "ಹುಡುಗನ ಕಡೆಯವರು ಬಂದು ನೋಡಿದ್ರೆ ಎಂತ ಹೇಳಿಯಾರು ಟೀಚರ್ರೆ? ನಮ್ಮ ಮರ್ಯಾದೆ ಉಂಟಲ್ಲ!"

ಹಾಡಿ ತೋರಿಸುತ್ತೇನೆ ಎಂದೆ. ಅವರಿಗೆ ಕೇಳುವುದು ಬೇಕಿರಲಿಲ್ಲ, ಕಾಣುವುದು ಬೇಕಿತ್ತು. ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಪಿಕಪ್ ಒಂದರಲ್ಲಿ ನಾಲ್ಕು ಪೆಟ್ಟಿಗೆ ಬಂತು. ಒಂದೊಂದೂ ಬಟ್ಟೆಯ ಕಪಾಟಿನಷ್ಟು ದೊಡ್ಡದು! ವೇದಿಕೆಯ ಆಚೆ ಎರಡು, ಈಚೆ ಎರಡು ನಿಲ್ಲಿಸಿದರು. ನನಗೆ ಅಳು ಬರುವುದೊಂದು ಬಾಕಿ.

ಪಿಕಪ್ಪಿನವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಟೀಚರ್ರೆ, ಹೆದರ್ಬೇಡಿ. ಇದರ ಒಳಗೆ ಎಂತದೂ ಇಲ್ಲ. ಒಳಗಿನದ್ದೆಲ್ಲ ಬಿಚ್ಚಿ ರಿಪೇರಿಗೆ ಕೊಟ್ಟದ್ದು. ಅವರು ಕೂಡಲೇ ಬೇಕು ಹೇಳಿದ್ರು, ನಾನು ಎಂತ ಮಾಡುದು? ನೀವು ನಿಮ್ಮಷ್ಟಕ್ಕೆ ಹಾಡಿ. ಯಾರಿಗೂ ಹೇಳ್ಬೇಡಿ."

ನಾನು ಹಾಡಿದೆ. ಬದಿಯಲ್ಲಿ ನಿಂತಿದ್ದ ನಮ್ಮ ಬಡಪಾಯಿ ಜೋಡಿಯೇ ಇಡೀ ಹಾಲ್‌ಗೆ ಹಾಡು ಮುಟ್ಟಿಸಿತು. ಸೋದರಮಾವ ಬಂದು ಖಾಲಿ ಪೆಟ್ಟಿಗೆಯ ಬೆನ್ನು ತಟ್ಟಿ, "ನೋಡಿ, ಸ್ಪೀಕರ್ ಅಂದ್ರೆ ಇದು!" ಎಂದರು. ಹುಡುಗನ ಕಡೆಯ ಇಬ್ಬರು ಪಿಕಪ್ಪಿನವರ ನಂಬರ್ ಬರೆದುಕೊಂಡರು. ನಮ್ಮ ನಂಬರ್ ಯಾರಿಗೂ ಬೇಡವಾಗಿತ್ತು. ಮಾಸ್ಟ್ರು ನಗು ತಡೆಯಲಾರದೆ ಕೀಬೋರ್ಡಿನ ಮೇಲೆ ಬಗ್ಗಿದವರು ತಲೆಯೇ ಎತ್ತಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಅಜ್ಜ ಎದೆಗೆ ಕೈ ಇಟ್ಟುಕೊಂಡು ಎದ್ದು ಬಂದರು. "ಆ ಪೆಟ್ಟಿಗೆ ಎದೆಗೆ ಗುದ್ದುತ್ತಾ ಉಂಟು ಟೀಚರ್ರೆ. ನನಗೆ ಕಳೆದ ವರ್ಷ ಆಪರೇಶನ್ ಆದದ್ದು. ಸ್ವಲ್ಪ ಕಮ್ಮಿ ಮಾಡಿ."

ಇಲ್ಲದ ಸದ್ದನ್ನು ಎಲ್ಲಿಂದ ಕಮ್ಮಿ ಮಾಡುವುದು? ನಿಜ ಹೇಳಿದರೆ ಸೋದರಮಾವನ ಮರ್ಯಾದೆ ಹೋಗುತ್ತದೆ. ನಾನು ಬಾಯಿ ಬಿಡುವ ಮೊದಲೇ ತಬಲದವರು ಎದ್ದು, ಅಜ್ಜನ ಎದುರಿಗಿದ್ದ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಅಜ್ಜ ಹೋಗಿ ಕೂತರು. ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದರು. ಮತ್ತೆ ಎದ್ದು ಬಂದರು. ದೇವರೇ, ಇನ್ನೇನು ಎಂದುಕೊಂಡೆ.

"ಈಗ ಸರಿಯಾಯ್ತು ನೋಡಿ," ಎಂದರು ಅಜ್ಜ. "ಇಷ್ಟು ಹೊತ್ತು ಆ ಪೆಟ್ಟಿಗೆಯ ಗಲಾಟೆಯಲ್ಲಿ ನಿಮ್ಮ ಹಾಡು ಎಂತದೂ ಗೊತ್ತಾಗ್ತಿರಲಿಲ್ಲ. ಈಗ ಒಂದೊಂದು ಅಕ್ಷರವೂ ಕೇಳ್ತದೆ. ಚಂದ ಹಾಡ್ತೀರಿ ಮಗಾ."

ಇಷ್ಟು ವರ್ಷ ಈ ಒಂದು ಮಾತಿಗಾಗಿ ಕಾದಿದ್ದೆ. ಅಜ್ಜನಿಗೆ ಕೈ ಮುಗಿದು, ತಬಲದವರನ್ನು ಕರೆದು, ಉಳಿದ ಮೂರು ಪೆಟ್ಟಿಗೆಗಳನ್ನೂ ಗೋಡೆಗೆ ತಿರುಗಿಸಲು ಹೇಳಿದೆ.