ಮೋಡ ಮೇಯೋಕೆ ಹೋದ ಮರಿ, ಅದರ ಹಿಂದೆ ಹೋದ ನಾವು

ಸಿನಿಮಾದಲ್ಲಿ ಸಹಾಯಕ ನಿರ್ದೇಶಕಿ ಅಂದರೆ ಎಲ್ಲರೂ ನಗುವಾಗ ತಾನೊಬ್ಬಳು ನಗಬಾರದವಳು. ನಕ್ಕರೆ ಶಾಟ್ ಕೆಟ್ಟುಹೋಗುತ್ತದೆ. ಹಾಗಾಗಿ ನನ್ನ ನಗುವೆಲ್ಲ ಒಳಗೇ ಉಳಿದುಕೊಂಡು, ಮನೆಗೆ ಬಂದು ತಟ್ಟೆಯ ಮುಂದೆ ಕೂತಾಗ ಹೊರಗೆ ಬರುತ್ತದೆ. “ಇವಳಿಗೇನಾಯ್ತು?” ಅಂತ ನಮ್ಮಮ್ಮ ಕೇಳದ ವಾರವಿಲ್ಲ. ಕುರಿಮರಿ ಸಿನಿಮಾ ಮುಗಿಯುವ ತನಕವಂತೂ ದಿನಾ ಕೇಳಿದರು.

ಅದರ ಮೂಲ ಒಂದು ಮಕ್ಕಳ ಚಿತ್ರಪುಸ್ತಕ. ತಮಿಳಿನಲ್ಲೂ ಇದೆ, ಕನ್ನಡದಲ್ಲೂ ಇದೆ. ತಮಿಳುನಾಡಿನಲ್ಲಿದ್ದೂ ಮನೆಯಲ್ಲಿ ಕನ್ನಡವಾಡುವ ನಮ್ಮ ಮೆಟ್ಟೂರು, ಧರ್ಮಪುರಿ ಕಡೆ ಅದನ್ನು ಓದದ ಮಗುವಿಲ್ಲ, ಹರಿಯದ ಮಗುವೂ ಇಲ್ಲ. ಒಂದು ಕಿವಿ ಮಾತ್ರ ಕಪ್ಪಗಿರುವ ಬಿಳಿ ಕುರಿಮರಿ ಬೆಟ್ಟದ ಮೇಲಿನ ಮೋಡಗಳನ್ನು ನೋಡಿ, ಇವೆಲ್ಲ ನಮ್ಮ ನೆಂಟರು ಅಂದುಕೊಂಡು ಅವುಗಳ ಜೊತೆ ಮೇಯಲು ಹೊರಟುಬಿಡುತ್ತದೆ. ಅದನ್ನು ಸಾಕಿದ ಅಜ್ಜಿ ಹುಡುಕಿಕೊಂಡು ಹೋಗುತ್ತಾಳೆ. ಅಷ್ಟೇ ಕತೆ. ಬೆಂಗಳೂರಿನ ನಮ್ಮ ನಿರ್ದೇಶಕಿ ಮೇಡಂ ತಮ್ಮ ಮಗಳಿಗೆ ಅದನ್ನು ಓದಿ ಹೇಳಿ ಹೇಳಿ, ಕೊನೆಗೆ ಮಗಳಿಗಿಂತ ಅವರಿಗೇ ಅದರ ಹುಚ್ಚು ಹಿಡಿಯಿತು. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಮಾಡೋಣ, ಮೊದಲು ಕನ್ನಡದಲ್ಲಿ ತೆಗೆದು ಆಮೇಲೆ ತಮಿಳಿಗೆ ಡಬ್ ಮಾಡೋಣ ಅಂದರು. ನಾನು ಮೆಟ್ಟೂರಿನ ಕಡೆಯವಳು, ಕುರಿ ಇದ್ದ ಮನೆಯಲ್ಲಿ ಬೆಳೆದವಳು. ಅದಕ್ಕೇ ನನ್ನನ್ನು ಸೇರಿಸಿಕೊಂಡರು.

ಚಿರತೆ ಯಾವ ಪೇಜಲ್ಲಿ?

ನಿರ್ಮಾಪಕರು ಒಳ್ಳೆಯವರು, ಆದರೆ ಪುಕ್ಕಲು. ಇಷ್ಟು ಸಾಧು ಕತೆಗೆ ಜನ ಬರುತ್ತಾರಾ ಅನ್ನುವ ಚಿಂತೆಯಲ್ಲಿ, “ಒಂದು ಚಿರತೆ ಹಾಕೋಣ” ಅಂದರು. ಮೇಡಂ ಬೇಡವೆಂದರು. ಕೊನೆಗೆ ಮಕ್ಕಳನ್ನೇ ಕೇಳೋಣವೆಂದು ಒಂದು ಹಳ್ಳಿಯ ಸ್ಕೂಲಿಗೆ ಹೋದೆವು. ನಿರ್ಮಾಪಕರು ಕೈಕಾಲು ಆಡಿಸಿ ಚಿರತೆಯ ಸೀನು ಹೇಳಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಪುಸ್ತಕದಾಗೆ ಸಿರತೆ ಇಲ್ಲ ಸಾರ್.”

“ಸಿನಿಮಾದಲ್ಲಿ ಇರುತ್ತಮ್ಮ. ಜಾಲಿಯಾಗಿರುತ್ತೆ.”

“ಯಾವ ಪೇಜಲ್ಲಿ ಬತ್ತೈತೆ?” ಅಂತ ಪುಸ್ತಕ ತಂದು ಅವರ ಕೈಗೇ ಕೊಟ್ಟಳು.

ನಿರ್ಮಾಪಕರು ಹಾಳೆ ತಿರುವಿ, ಮರಿ ಹಳ್ಳದಲ್ಲಿ ನೀರು ಕುಡಿಯುವ ಚಿತ್ರ ತೋರಿಸಿದರು. “ಇಲ್ಲಿ. ಹಿಂದಿನಿಂದ ಹಾರುತ್ತೆ.”

ಹುಡುಗಿ ಚಿತ್ರ ನೋಡಿದಳು. ಅವರ ಮುಖ ನೋಡಿದಳು. ಪುಸ್ತಕ ಇಸಿದುಕೊಂಡು ಮುಚ್ಚಿಬಿಟ್ಟಳು. “ಅಂಗಾರೆ ಕತೆ ಇಲ್ಲಿಗೇ ಮುಗೀತು ಸಾರ್. ಮರಿನ ತಿಂದ್ಮ್ಯಾಕೆ ಮಿಕ್ಕಿದ್ ಪೇಜಲ್ಲಿ ಯಾರಿರ್ತಾರೆ?”

ಇದನ್ನು ಕೇಳಿದ್ದೇ ಪಕ್ಕದಲ್ಲಿದ್ದ ಪುಟ್ಟ ಮಗುವೊಂದು ಅಳಲು ಶುರುಮಾಡಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಇಡೀ ಕ್ಲಾಸು. ನಿರ್ಮಾಪಕರು ಒಬ್ಬೊಬ್ಬರ ಹತ್ತಿರವೂ ಹೋಗಿ, “ಇಲ್ಲ ಕಂದಾ, ಚಿರತೆ ಬರಲ್ಲ ಕಂದಾ” ಅಂತ ತಲೆ ಸವರಿದರು. ಅವರ ಕಣ್ಣಲ್ಲೂ ನೀರಿತ್ತು.

ಕಾರು ಹತ್ತಿದ ಮೇಲೆ ಕಣ್ಣೊರೆಸಿಕೊಂಡು ಮೇಡಂಗೆ ಹೇಳಿದರು: “ಯಾರಾದರೂ ಕೇಳಿದರೆ ಚಿರತೆಯ ಡೇಟ್ಸ್ ಸಿಗಲಿಲ್ಲ ಅನ್ನಿ.”

ಕಪ್ಪು ಕಿವಿ

ಒಂದು ಕಿವಿ ಮಾತ್ರ ಕಪ್ಪಿರುವ ಮರಿ ಎಲ್ಲೂ ಸಿಗಲಿಲ್ಲ. ಧರ್ಮಪುರಿಯ ಹತ್ತಿರ ಕುರಿ ಸಾಕುವ ಅಣ್ಣನೊಬ್ಬನ ಬಳಿ ಪೂರ್ತಿ ಬಿಳಿಯದೊಂದು ಸಿಕ್ಕಿತು. ಮೇಕಪ್‌ನವರು ಮರಿಗೆ ತೊಂದರೆಯಾಗದಂಥ ಬಣ್ಣ ತಂದು ಎಡಗಿವಿಗೆ ಹಚ್ಚಿದರು. ಚಿತ್ರದಲ್ಲಿದ್ದ ಹಾಗೇ ಕಂಡಿತು. ಮೇಡಂ ಚಪ್ಪಾಳೆ ತಟ್ಟಿದರು.

ಮರಿ ಹಾಲು ಕುಡಿಯಲು ಓಡಿತು. ತಾಯಿಕುರಿ ಮೂಸಿತು. ಒದ್ದಿತು. ಮತ್ತೆ ಹೋದರೆ ಮತ್ತೆ ಒದ್ದಿತು. ಮರಿ “ಮ್ಯಾ” ಅಂತ ನಮ್ಮನ್ನೇ ನೋಡುತ್ತ ನಿಂತಿತು. ಮೇಡಂ ಮುಖ ಬಾಡಿಹೋಯಿತು. “ಅಯ್ಯೋ, ತಾಯಿ ಮಗೂನ ಬೇರೆ ಮಾಡಿಬಿಟ್ಟೆವಲ್ಲ! ನಂಗೆ ಈ ಸಿನಿಮಾನೇ ಬೇಡ” ಅಂತ ನೆಲದ ಮೇಲೆ ಕೂತುಬಿಟ್ಟರು.

ಕುರಿಯಣ್ಣನ ಹೆಂಡತಿ ಬಂದು ಸಮಾಧಾನ ಮಾಡಿದಳು. “ಬ್ಯಾಸರ ಮಾಡ್ಕಾಬ್ಯಾಡಿ ಮೇಡಂ. ನಮ್ಮೆಜಮಾನ್ರು ಮೊದಲ್ನೇ ಸಲ ಮೀಸೆಗೆ ಡೈ ಆಕ್ಕಂಡು ಬಂದಾಗ ನಾನೂ ಇಂಗೇ, ಒಳೀಕೆ ಸೇರಿಸ್ನಿಲ್ಲ. ಸಾಯಂಕಾಲಕ್ಕೆ ಸರೋಯ್ತು.”

ತಾಯಿಕುರಿಯೂ ಸಂಜೆಗೆ ಸರಿಹೋಯಿತು. ಕುರಿಯಣ್ಣ ಮಾತ್ರ ಅವತ್ತು ಪೂರ್ತಿ ಟವೆಲ್‌ನಿಂದ ಮೀಸೆ ಮುಚ್ಚಿಕೊಂಡೇ ಓಡಾಡಿದ.

ಅಳೋ ಸೀನು

ಅಜ್ಜಿ ಪಾತ್ರಕ್ಕೆ ಬೆಂಗಳೂರಿನಿಂದ ನಟಿಯೊಬ್ಬರು ಬಂದಿದ್ದರು. ಮರಿ ಅವರ ಹತ್ತಿರ ಸುಳಿಯಲೇ ಇಲ್ಲ. ಅದು ಹೋಗುತ್ತಿದ್ದದ್ದು ಕುರಿಯಣ್ಣನ ಅವ್ವನ ಹಿಂದೆ ಮಾತ್ರ. ಬೇರೆ ದಾರಿಯಿಲ್ಲದೆ ಆ ಅವ್ವನೇ ನಮ್ಮ ಅಜ್ಜಿಯಾದಳು.

ಮರಿ ಕಳೆದುಹೋದಾಗ ಅಳುವ ಸೀನು. “ಆಕ್ಷನ್” ಅಂದರೆ ಅಜ್ಜಿ ಕ್ಯಾಮೆರಾದ ಹಿಂದೆ ಬೆರಳು ತೋರಿಸುತ್ತಿದ್ದಳು. “ಅಲ್ಲೇ ಐತಲ್ಲ ಮರಿ! ಆ ಪ್ಯಾಂಟ್ ಪಾಪ ಇಡ್ಕಂಡೈತಲ್ಲ!” ಪ್ಯಾಂಟ್ ಪಾಪ ಅಂದರೆ ನಾನು.

“ಇಲ್ಲ ಅಂದ್ಕೊಳ್ಳಿ ಅಜ್ಜಿ” ಅಂದರು ಮೇಡಂ.

“ಇರಾದ್ನ ಇಲ್ಲ ಅಂತ ಎಂಗವ್ವಾ ಅಂದ್ಕಳ್ಳಾದು? ಒಳ್ಳೇದಾಯ್ತದಾ?”

ಮೇಡಂ ಕಣ್ಸನ್ನೆ ಮಾಡಿದರು. ನಾನು ಮರಿಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ನಟರ ವ್ಯಾನಿನೊಳಗೆ ಬಿಟ್ಟೆ. ಅಜ್ಜಿ ತಿರುಗಿ ನೋಡಿದರೆ ಮರಿ ಇಲ್ಲ. ಆಮೇಲೆ ಯಾರೂ ಆಕ್ಷನ್ ಅನ್ನಬೇಕಾಗಲಿಲ್ಲ. ಬೇಲಿ, ಬಾವಿ, ಹುಣಸೆಮರದ ಹಿಂದೆ ಎಲ್ಲ ಕಡೆ ಕೂಗುತ್ತ ಓಡಿದಳು. ಕ್ಯಾಮೆರಾದವರು ಹಿಂದೆ ಓಡಿದರು. ಅವಳ ಕಣ್ಣು ತುಂಬಿತು. ನೋಡುತ್ತಿದ್ದ ನಮ್ಮ ಕಣ್ಣೂ ತುಂಬಿತು. ಸಿನಿಮಾದ ಅತಿ ಒಳ್ಳೆಯ ಶಾಟ್ ಅದೇ.

ಕೊನೆಗೆ ಅಜ್ಜಿ ವ್ಯಾನಿನ ಬಾಗಿಲು ತೆಗೆದಳು. ಒಳಗಿನ ತಂಪು ಗಾಳಿ ಮುಖಕ್ಕೆ ಬಡಿಯಿತು. ಮರಿ ಮೆತ್ತನೆ ಸೀಟಿನ ಮೇಲೆ ಕಾಲು ಮಡಿಸಿ ಮಲಗಿತ್ತು. ಅಜ್ಜಿ ಸೊಂಟಕ್ಕೆ ಕೈಯಿಟ್ಟು ಮೇಡಂ ಕಡೆ ತಿರುಗಿದಳು.

“ಇಡೀ ಬಿಸಿಲಾಗೆ ನಂಗೆ ಒಂದು ಕೊಡೆ ಇಲ್ಲ. ಇದುಕ್ಕೆ ಏಸಿನಾ?”

ಏರ್ಕಾಡಿನಲ್ಲಿ

ಮೋಡದೊಳಗೆ ನಡೆಯುವ ಸೀನಿಗೆ ಬೆಟ್ಟದ ಮೇಲಿನ ಏರ್ಕಾಡಿಗೆ ಹೋದೆವು. ಬೇಕೆಂದಾಗ ಮಂಜು ಬರಲಿಲ್ಲ. ಬಂದಾಗ ಎದುರಿಗಿದ್ದ ಕಾಫಿ ಗಿಡವೂ ಕಾಣದಷ್ಟು ಬಂತು. ಮೇಡಂ ಅವಸರದಲ್ಲಿ, “ಅಜ್ಜಿ, ಮರಿ ಎತ್ತಿಕೊಂಡು ನಡೀತಾ ಇರಿ. ನಾನು ಕಟ್ ಅನ್ನೋತನಕ ನಿಲ್ಲಬೇಡಿ” ಅಂದರು.

ಅಜ್ಜಿ ಮಂಜಿನೊಳಗೆ ಹೋದಳು. ಶಾಟ್ ಚೆನ್ನಾಗಿ ಬಂತು. ಮೇಡಂ ಕಟ್ ಅಂದರು. ಅಜ್ಜಿ ಬರಲಿಲ್ಲ. ಎಲ್ಲರೂ “ಕಟ್! ಕಟ್!” ಅಂತ ಕಿರುಚಿದೆವು. ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಘಾಟ್ ರಸ್ತೆ. ನಿರ್ಮಾಪಕರು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು.

ಮಂಜು ಸರಿದ ಮೇಲೆ ನೋಡಿದರೆ, ಕೆಳಗಿನ ತಿರುವಿನ ಬಸ್ ಸ್ಟಾಪಿನಲ್ಲಿ ಎಸ್ಟೇಟಿನ ಹೆಂಗಸರ ನಡುವೆ ಅಜ್ಜಿ ಆರಾಮಾಗಿ ಕೂತಿದ್ದಾಳೆ. ತೊಡೆಯ ಮೇಲೆ ಮರಿ, ಕೈಯಲ್ಲಿ ಲೋಟ. ಮೇಡಂ ಓಡಿಹೋಗಿ ತಬ್ಬಿಕೊಂಡು ಅತ್ತುಬಿಟ್ಟರು. “ಯಾಕಜ್ಜಿ ಇಷ್ಟು ದೂರ ಬಂದ್ರಿ?”

“ಕಟ್ ಅಂದಿದ್ದು ಕೇಳಿಸ್ನಿಲ್ಲ, ನಡ್ದೆ. ಟೀ ಅಂದಿದ್ದು ಕೇಳಿಸ್ತು, ನಿಂತೆ.”

ಪಾಟ್ಟಿ ಷೋ

ಡಬ್ಬಿಂಗಿನಲ್ಲಿ ಅಜ್ಜಿಯ ಮಾತಿಗೆ ಚೆನ್ನೈನ ಕಲಾವಿದೆಯೊಬ್ಬರು ತಮಿಳು ದನಿ ಕೊಟ್ಟಿದ್ದರು. ಬಹಳ ಮೃದುವಾದ ದನಿ. ಧರ್ಮಪುರಿಯ ಥಿಯೇಟರಿಗೆ ತಮಿಳು ಸಿನಿಮಾ ಬಂದಾಗ ಅಜ್ಜಿ ಊರವರನ್ನೆಲ್ಲ ಕಟ್ಟಿಕೊಂಡು ಬಂದಳು. ತೆರೆಯ ಮೇಲೆ ತಾನೇ ಬಾಯಿ ತೆಗೆದದ್ದು ನೋಡಿ ಬೆಚ್ಚಿಬಿದ್ದಳು.

“ಯಾವಳು ಮಗಾ ಅವಳು, ನನ್ನ ಬಾಯಾಗೆ ಮಾತಾಡ್ತಿರಾದು?”

“ಅದು ಡಬ್ಬಿಂಗು, ಅಜ್ಜಿ. ದೊಡ್ಡ ಆರ್ಟಿಸ್ಟು” ಅಂದೆ.

“ಇವಳ ಮಾತಿಗೆ ಕುರಿ ಬತ್ತೈತಾ?”

ಅಷ್ಟರಲ್ಲಿ ಮರಿ ಹುಡುಕುವ ಸೀನು ಬಂತು. ತೆರೆಯ ಅಜ್ಜಿ ಇಂಪಾಗಿ “ಎನ್ ಸೆಲ್ಲಮೇ”, ನನ್ನ ಮುದ್ದೇ, ಅಂದಳು. ಸೀಟಿನ ಅಜ್ಜಿ ಎದ್ದು ನಿಂತಳು.

“ಲೇ ಮೂದೇವಿ! ಎಲ್ಲಿಗೋದೆ ಲಾ! ನನ್ನ ಬಿಸಿಲಾಗೆ ಅಲೆಯಾಕ್ ಬಿಟ್ಟು ಅಲ್ಲೇನ್ ಮಾಡ್ತಿದ್ದೀಯಾ? ಬಾ ಲಾ ನನ್ ಚಿನ್ನಾ!”

ತೆರೆಯ ಮೇಲಿನ ತುಟಿಗೂ ಈ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. “ಉಕ್ಕಾರುಂಗ ಪಾಟ್ಟಿ, ಕೂತ್ಕಳಿ ಅಜ್ಜಿ” ಅಂತ ಅಕ್ಕಪಕ್ಕದವರು ಮೊದಲು ಗದರಿದರು. ನಾನು ಸೆರಗು ಹಿಡಿದು ಎಳೆದೆ. ಮೇಡಂ ನನ್ನ ಕೈ ಬಿಡಿಸಿದರು. ಮುಂದಿನ ಸೀನಿಗೂ ಅಜ್ಜಿ ಎದ್ದಳು. ಈ ಸಲ ಹಿಂದಿನ ಸಾಲಿನಿಂದ, “ಪಾಟ್ಟಿ, ಕೇಕ್ಕಲೆ! ಇನ್ನೂ ಸತ್ತಮಾ!” ಅಂದರು. ಕೇಳಿಸ್ತಿಲ್ಲ, ಜೋರಾಗಿ ಅಂತ. ಆಪರೇಟರ್ ಪುಣ್ಯಾತ್ಮ ಸೌಂಡ್ ತಗ್ಗಿಸಿದ. ಮನೆಯಲ್ಲಿ ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಓಗೊಡುವ ನಮ್ಮೂರ ಹುಡುಗರೆಲ್ಲ, “ಅಗೋ ಬಂಡೆ ಇಂದೆ ಐತೆ ಅಜ್ಜೀ!” ಅಂತ ಕೂಗತೊಡಗಿದರು. ಅಜ್ಜಿ ಕೊನೆಯವರೆಗೂ ಕೂರಲಿಲ್ಲ.

ಷೋ ಮುಗಿದಾಗ ಮ್ಯಾನೇಜರ್ ನೇರ ನಮ್ಮತ್ತ ಬಂದ. ನಮ್ಮ ಕತೆ ಮುಗಿಯಿತು ಅಂದುಕೊಂಡೆ. ಅವನು ಅಜ್ಜಿಗೆ ಕೈಮುಗಿದು, ಸಾಯಂಕಾಲದ ಷೋಗೂ ಇರಬೇಕು ಅಂತ ಕೇಳಿದ.

“ಆಗಾಕಿಲ್ಲಪ್ಪ. ಕುರಿ ಕಟ್ಟಾಕಬೇಕು” ಅಂತ ಅಜ್ಜಿ ಮಗನ ಜೊತೆ ಹೊರಟಳು.

ಹೊರಗೆ ಟಿಕೆಟ್ ಕೌಂಟರಿನಲ್ಲಿ, ಷೋ ನೋಡಿ ಬಂದವರಿಂದ ಸುದ್ದಿ ಕೇಳಿದ ದೊಡ್ಡ ಸಂಸಾರವೊಂದು ನಿಂತಿತ್ತು. “ಅಣ್ಣಾ, ಇದು ಪಾಟ್ಟಿ ಪೇಸುರ ಷೋವಾ, ಪೇಸಾದ ಷೋವಾ?” ಅಂತ ಯಜಮಾನ ಕೇಳಿದ. ಅಜ್ಜಿ ಮಾತಾಡದ ಷೋ ಅಂದ ಕೌಂಟರಿನವನು. ಇಡೀ ಸಂಸಾರ ಹಿಂದಕ್ಕೆ ತಿರುಗಿತು.

ಅಜ್ಜಿ ನಿಂತಳು. ಮಕ್ಕಳ ಸಪ್ಪೆ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನಿಗೆ ಹೇಳಿದಳು:

“ಲೇ, ನೀನೋಗಿ ಕುರಿ ಕಟ್ಟು. ನಂಗೆ ಷೋ ಐತೆ.”