ಅಮ್ಮನ ಹಾಸಿಗೆಯೂ ಹನ್ನೊಂದು ಕೆಜಿಯ ಮಾಣಿಯೂ

"ಡಯಾಪರ್ ತಕಂಬತಿಗೆ ಮಕ್ಳ ವಯಸ್ಸಲ್ಲ ಅಕ್ಕಾ, ತೂಕ ಕಾಣ್ಕ್." ಈ ಜ್ಞಾನವನ್ನು ನನಗೆ ಮೊದಲು ಕೊಟ್ಟವಳು ಬ್ರಹ್ಮಾವರದ ಮೆಡಿಕಲ್ ಶಾಪಿನ ಹುಡುಗಿ. ಅಲ್ಲಿಂದ ಶುರುವಾಯಿತು ನೋಡಿ! ನಮ್ಮ ಮನೆಯಲ್ಲಿ ಒಂದು ಸಣ್ಣ ವಸ್ತು ಕೊಳ್ಳಲು ಹೊರಟರೂ ಅದು ಇಡೀ ಮನೆಯ ಪ್ರಸಂಗವಾಗುತ್ತದೆ.

ಸಂಗತಿ ಇಷ್ಟು. ಬೈಂದೂರಿನ ತವರಿನಲ್ಲಿರುವ ನನ್ನ ತಂಗಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಮೂರು ದಿನ ಮೈಸೂರಿನಲ್ಲಿ ತರಬೇತಿ. ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ಅವಳ ಒಂದೂವರೆ ವರ್ಷದ ಗಂಡುಮಗು, ನಮ್ಮ ಮಾಣಿ, ಆ ಮೂರು ರಾತ್ರಿ ಅಮ್ಮನ ಜೊತೆ ಮಲಗಬೇಕು. ಅಮ್ಮನದು ಒಂದೇ ಷರತ್ತು, ಹಾಸಿಗೆ ಒದ್ದೆಯಾಗಬಾರದು: "ನನ್ ಹತ್ತಿ ಹಾಸ್ಗಿ ಚಂಡಿ ಆಪುಕಾಗ. ಈ ಮಳೆಗಾಲದಗೆ ಒದ್ದೆ ಆರೆ ದೀಪಾವಳಿಗೇ ಒಣ್ಗುದ್! ಒಂದ್ ರಾತ್ರಿ ಮಲ್ಗ್ಸಿ ಕಾಂಬ. ಒಣ್ಗಿದ್ರೆ ನೀ ಹೋಗ್, ಇಲ್ದಿರೆ ಇಲ್ಲೆ."

ತೂಕ

ತೂಕ ನೋಡಲೆಂದು ತವರಿಗೆ ಹೋದೆ. ಅಲ್ಲಿ ತಕ್ಕಡಿ ಇಲ್ಲ. ಅಷ್ಟರಲ್ಲಿ ಮನೆಮನೆಗೆ ಮೀನು ಮಾರುವ ಮೀನಿನಕ್ಕ ಬಂದಳು. ಅವಳ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಪೇಪರ್ ಹಾಸಿ ಮಾಣಿಯನ್ನು ಕೂರಿಸಿದೆವು. ಅವನಿಗೋ ಭಾರೀ ಖುಷಿ! ಪಕ್ಕದ ಬುಟ್ಟಿಯ ಬಂಗಡೆಯ ಬಾಲಕ್ಕೆ ಕೈ ಹಾಕಿ ಕುಣಿದ. ಅಂಕಿ ನಿಲ್ಲುವುದಕ್ಕೇ ಐದು ನಿಮಿಷ ಬೇಕಾಯಿತು.

"ಹನ್ನೊಂದ್ ಕೆಜಿ" ಎಂದಳು ಮೀನಿನಕ್ಕ. ಅಭ್ಯಾಸಬಲ, ಉಸಿರು ಬಿಡದೆ ಮುಂದುವರಿಸಿದಳು: "ತುಂಡ್ ಮಾಡಿ ಕೊಡ್ಕಾ?"

"ಬ್ಯಾಡ" ಎಂದಳು ತಂಗಿ, "ಇಡೀ ಬೇಕ್."

ಮೂರು ಕುಡ್ತೆ

ಮೂರು ಕಂಪನಿಯ ಡಯಾಪರ್ ತಂದೆ. ಮೂರರ ಮೇಲೂ 'ರಾತ್ರಿಯಿಡೀ ಒಣ' ಎಂಬರ್ಥದ ಬರಹ, ನಗುವ ಮಗು. ಅಮ್ಮ ಬರಹವನ್ನೂ ನಂಬಲಿಲ್ಲ, ನಗುವನ್ನೂ ನಂಬಲಿಲ್ಲ. ಮೂರನ್ನೂ ಜಗಲಿಯಲ್ಲಿ ಸಾಲಾಗಿ ಬಿಡಿಸಿಟ್ಟು, ಹಾಲು ಅಳೆಯುವ ಕುಡ್ತೆಯಲ್ಲಿ ಅಕ್ಕಿ ತೊಳೆದ ನೀರು ಅಳೆದು ಹೊಯ್ದಳು.

ಮೊದಲನೆಯದು ಒಂದು ಕುಡ್ತೆಗೇ ಸೋತು ಅಂಚಿನಲ್ಲಿ ಅತ್ತಿತು. ಎರಡನೆಯದು ಎರಡಕ್ಕೆ. ಮೂರನೆಯದು ಮೂರು ಕುಡಿದರೂ ಒಂದು ಹನಿ ಬಿಡಬೇಕೇ! ನಾವು ಅಕ್ಕತಂಗಿಯರು ಕಂಬಳ ಗೆದ್ದವರ ಹಾಗೆ ಕೂಗಿದೆವು. ಅಮ್ಮ ಅಂಗೈಯಿಂದ ಒತ್ತಿ ನೋಡಿದಳು. ಕೈ ಒಣಗಿಯೇ ಇತ್ತು.

"ಹ್ವಾಯ್, ಇದ್ರಗೆ ಮಾಣಿ ಎಂತಕೆ" ಎಂದಳು, "ಎಮ್ಮಿ ಮಲ್ಗಿರೂ ಅಡ್ಡಿಲ್ಲೆ!"

ಬಂಗಡೆ

ಅಮ್ಮನಿಗೆ ಅದರ ಮೇಲೆ ಹುಟ್ಟಿದ ವಿಶ್ವಾಸವೇ ಅಪಾಯವಾಯಿತು. ಹಂಚು ಸೋರುವ ಕಡೆ ಬಕೆಟ್ ಹೋಗಿ ಡಯಾಪರ್ ಬಂತು. ಫ್ರಿಜ್ಜಿನ ಅಡಿಗೊಂದು. ನಾನು ಹೊರಡುವಾಗ ಎರಡು ಕೆಜಿ ಬಂಗಡೆಯನ್ನು ಒಂದರಲ್ಲಿ ಸುತ್ತಿ, ಅಂಟು ಪಟ್ಟಿ ಹಾಕಿ, ಚೀಲಕ್ಕಿಟ್ಟು ಕೊಟ್ಟಳು. ಮೀನಿನ ನೀರು ಬಸ್ಸಿನಲ್ಲಿ ಸೋರದೆ, ಕಂಡಕ್ಟರ್ ಮುಖ ಸಿಂಡರಿಸದೆ ನಾನು ಮನೆ ಮುಟ್ಟಿದ್ದು ಅದೇ ಮೊದಲು.

ಮನೆಯಲ್ಲಿ ಚೀಲ ತೆರೆದ ಗಂಡ ಡಯಾಪರ್ ಕಂಡು ಕುರ್ಚಿಯಲ್ಲಿ ಕುಳಿತೇಬಿಟ್ಟರು. ನನಗೆ ನಲವತ್ತನಾಲ್ಕು, ಅವರಿಗೆ ಐವತ್ತು.

"ಇದ್... ಯಾರಿಗೆ ಮಾರಾಯ್ತಿ?"

"ಬಂಗಡೆಗೆ" ಎಂದೆ. ಅಷ್ಟು ನೆಮ್ಮದಿಯಿಂದ ಅವರು ಮೀನು ಕ್ಲೀನ್ ಮಾಡಿದ್ದನ್ನು ನಾನು ಕಂಡೇ ಇಲ್ಲ.

ಪರೀಕ್ಷೆ

ಶನಿವಾರ ಮತ್ತೆ ತವರಿಗೆ ಓಡಿದೆ. ಪ್ಯಾಕೆಟಿನಲ್ಲಿ ಉಳಿದದ್ದು ಒಂದೇ ಒಂದು! ಅದನ್ನೇ ಕಟ್ಟಿ ಮಾಣಿಯನ್ನು ಅಮ್ಮನ ಪಕ್ಕ ಮಲಗಿಸಿದೆವು. ತಂಗಿ ಬಟ್ಟೆ ತುಂಬಿದ ಬ್ಯಾಗಿನ ಜಿಪ್ ಎಳೆಯದೆ ಹಾಗೇ ಇಟ್ಟಿದ್ದಳು.

ಬೆಳಿಗ್ಗೆ ಅಮ್ಮನ ಕೂಗು: "ಹಾಸ್ಗಿ ಚಂಡಿ!"

ತಂಗಿಯ ಮುಖ ಬಿಳಿಚಿತು. "ನಾ ಹೋತಿಲ್ಲೆ ಬಿಡಿ" ಎಂದು ಬ್ಯಾಗಿನಿಂದ ಸೀರೆ ತೆಗೆಯತೊಡಗಿದಳು. ನಾನು ಹೋಗಿ ಮಾಣಿಯನ್ನು ಎತ್ತಿದೆ. ಡಯಾಪರ್ ಬೂದುಗುಂಬಳದಷ್ಟು ಉಬ್ಬಿತ್ತು. ಚಡ್ಡಿ ಒಣ, ಅಡಿಯ ಹಾಸಿಗೆ ಒಣ. ಒದ್ದೆ ಇದ್ದದ್ದು ಅಮ್ಮ ಮಲಗಿದ್ದ ಕಡೆ!

ತಂಗಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಅಮ್ಮಾ... ನಿಂಗೂ ಒಂದ್ ತರ್ಕಾ?"

"ನಿನ್ ತಲಿ!" ಎಂದು ಅಮ್ಮ ಹೊದಿಕೆ ಕೊಡವಿದಳು. ಸೊಂಟನೋವಿಗೆಂದು ಇಟ್ಟುಕೊಂಡಿದ್ದ ಬಿಸಿನೀರಿನ ಬ್ಯಾಗು ಪೊತ್ತೆಂದು ನೆಲಕ್ಕೆ ಬಿತ್ತು. ಮುಚ್ಚಳ ಸಡಿಲ. ಅಮ್ಮ ಅದನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು, ಆಮೇಲೆ ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟಳು:

"ಮಾಣಿ ಪಾಸ್. ನೀ ಮೈಸೂರಿಗೆ ಹೋಗ್. ಫೇಲ್ ಆದ್ದ್ ನಾನ್."

ಮಗು ಇರುವ ಮನೆಯವರು ಸಿಕ್ಕರೆ ಇಷ್ಟು ಹೇಳಿಬಿಡಿ: ಬೆಳಿಗ್ಗೆ ಹಾಸಿಗೆ ಒದ್ದೆಯಾಗಿದ್ದರೆ, ಮೊದಲು ದೊಡ್ಡವರನ್ನು ವಿಚಾರಿಸಿ.